ನಡುವಿನ ಗೀಟು

ಏಳನೆಯ ತರಗತಿಯಲ್ಲಿ ನಾನು ಎರಡು ಸಲ ಕೂತವನು.
ಮೊದಲ ಸಲ ಡುಮ್ಕಿ ವ್ಯಾಕರಣದಲ್ಲಿ.
ಎರಡನೆಯ ಸಲ ಪಾಸಾದೆ, ಅದರ ಕತೆ ಆಮೇಲೆ.
ಈಗ ಅದೇ ಶಾಲೆಯ ಬೀಗದ ಕೈಗಳೆಲ್ಲ ನನ್ನ ಸೊಂಟದಲ್ಲಿ,
ನಲವತ್ತೊಂದು. ನಾನು ನಡೆದರೆ ಸಾಕು,
ಮೆಟ್ಟಿಲ ಕೆಳಗೆ ಹುಡುಗರು ಸಿಗರೇಟು ಹೊಸಕುತ್ತಾರೆ.

ಈ ಗೊಂಚಲಿಗೆ ರಷ್ಯನ್ನಿನಲ್ಲಿ ಸ್ವ್ಯಾಸ್ಕ ಅನ್ನುತ್ತಾರೆ.
ಸಂತೆಯಲ್ಲಿ ತೂಗುಬಿಟ್ಟ ಒಣಮೀನಿನ ಸರಕ್ಕೂ ಅದೇ ಹೆಸರು.
ತಿರ್ನ್ಯಾವುಜ್‌ನಲ್ಲಿ ಹುಟ್ಟಿದವನಿಗೆ ಇಷ್ಟು ಗೊತ್ತಿದ್ದರೆ
ಗಣಿಯಲ್ಲಿ ಕೆಲಸ ಸಿಗುತ್ತಿತ್ತು ಆಗ, ಗಣಿ ಇತ್ತು.

ರುಫೀನಾ ಗೆರ್ಮಾನೊವ್ನ ಹಲಗೆಯ ಮೇಲೆ ಬರೆದದ್ದು ಬೇರೆ.
ಸ್ವ್ಯಾಸ್ಕ: ಇದನ್ನು ಅದಕ್ಕೆ ಕಟ್ಟುವ ಕ್ರಿಯಾಪದ.
ಉದಾಹರಣೆಗೆ: ನನ್ನ ಗಂಡ,
ಒಂದು ಉದ್ದ ಗೀಟು,
ಭೂವಿಜ್ಞಾನಿ.
"ಕ್ರಿಯಾಪದ ಎಲ್ಲಿ?" ಎಂದೆ.
"ಅಲ್ಲೇ ಇದೆ ಜಂಬುಲಾತ್.
ವರ್ತಮಾನದಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ."
ಇಲ್ಲದ್ದಕ್ಕೆ ಹೆಸರಿಟ್ಟು, ಆ ಹೆಸರು ಮರೆತವನ ಅಂಕ ಕಳೆಯುವುದು
ಯಾವ ಸೀಮೆ ನ್ಯಾಯವೋ.
ಪರೀಕ್ಷೆಯಲ್ಲಿ ಒಣಮೀನು ಎಂದು ಬರೆದೆ.

ಫೆಬ್ರವರಿಯಲ್ಲಿ ಬಕ್ಸಾನ್ ಹೊಳೆಯ ಮಂಜುಗಡ್ಡೆಯ ಮೇಲೆ ಬಿದ್ದೆ.
ಡಾಕ್ಟರು ಮಂಡಿ ಅದುಮಿ, "ಸ್ವ್ಯಾಸ್ಕ ಹರಿದಿದೆ" ಅಂದರು.
ನೋವಿನಲ್ಲೂ ನಗು ತಡೆಯಲಾಗಲಿಲ್ಲ ನನಗೆ:
ಕೊನೆಗೂ ಒಂದು ಸಿಕ್ಕಿತಲ್ಲ, ಅದೂ ನನ್ನೊಳಗೇ!
ಕುಂಟುತ್ತ ಶಾಲೆಗೆ ಬಂದರೆ ರುಫೀನಾ ಮೂಕಿ.
ಗಂಟಲ ಸ್ವ್ಯಾಸ್ಕಗಳು, ಎರಡೂ, ಊದಿದ್ದುವು.
ಒಂದು ತಿಂಗಳು ಸೀಮೆಸುಣ್ಣದಲ್ಲೇ ಗದರಿದರು,
ಸಿಟ್ಟು ಬಂದಾಗ ಅಕ್ಷರ ದಪ್ಪ.

ಇನ್ನೊಂದು ಅರ್ಥ ನಮ್ಮ ಮನೆಯಲ್ಲಿತ್ತು, ಮೊಳೆಗೆ ನೇತುಹಾಕಿ.
ಬೆಟ್ಟ ಹತ್ತುವಾಗ ಒಂದೇ ಹಗ್ಗಕ್ಕೆ
ಸೊಂಟ ಕೊಟ್ಟ ಇಬ್ಬರೂ ಸ್ವ್ಯಾಸ್ಕ.
ಒಂದು ತುದಿಗೆ ನನ್ನ ಚಿಕ್ಕಪ್ಪ ಅಸ್ಖಾಟ್,
ಇನ್ನೊಂದಕ್ಕೆ ರುಫೀನಾರ ಗಂಡ ಗ್ಲೆಬ್ ಸಾವ್ವಿಚ್.
ಹನ್ನೊಂದು ಬೇಸಿಗೆ ಹೀಗೇ ಹೋಗಿ ಬಂದರು,
ಜೇಬಿನಲ್ಲಿ ಕಲ್ಲು, ಮೂಗಿನ ಮೇಲೆ ಸುಟ್ಟ ಸಿಪ್ಪೆ.
ಹನ್ನೆರಡನೆಯ ಆಗಸ್ಟಿನಲ್ಲಿ ಚಿಕ್ಕಪ್ಪ ಒಬ್ಬನೇ ಇಳಿದ.
ಹಗ್ಗ ಸುತ್ತಿ ಅವರ ಹೊಸ್ತಿಲಲ್ಲಿಟ್ಟ.
ನಲವತ್ತು ಮೀಟರಿನ ಹಗ್ಗ ಅದು.
ಅವರು ಅಳೆಯಲಿಲ್ಲ.

ಸೆಪ್ಟೆಂಬರ್. ಹೊಸ ಮಕ್ಕಳ ನಡುವೆ, ಕೊನೆಯ ಬೆಂಚಿನಲ್ಲಿ,
ಮೀಸೆ ಚಿಗುರುತ್ತಿದ್ದ ನಾನೊಬ್ಬನೇ ಹಳಬ.
ಅದೇ ಪಾಠ. ಅದೇ ಮಾತು ಹಲಗೆಯ ಮೇಲೆ: ನನ್ನ ಗಂಡ,
ಕೈ ಅಭ್ಯಾಸದ ಮೇಲೆ ಗೀಟೆಳೆಯಿತು.
ನಿಂತರು.
ಅಂಗೈಯಿಂದಲೇ ಗೀಟು ಒರೆಸಿ, ಆ ಜಾಗದಲ್ಲಿ ಬರೆದರು:
ಬ್ಯಿಲ್. ಇದ್ದರು.
ಮೂರೇ ಅಕ್ಷರ ರಷ್ಯನ್ನಿನಲ್ಲಿ.
ಅದು ಬಂದೊಡನೆ ಭೂವಿಜ್ಞಾನಿಯೂ ಮೊದಲಿನಂತಿರಲಾಗದೆ
ಪದದ ಬಾಲಕ್ಕೆ ಎರಡಕ್ಷರ ಹೆಚ್ಚು ಹಚ್ಚಿಕೊಂಡ.
ಮಕ್ಕಳು ಬರೆದುಕೊಂಡರು. ಅವರಿಗೆ ಅದೊಂದು ಉದಾಹರಣೆ.
ಆಕೆ ನನ್ನತ್ತ ತಿರುಗಿ, "ಈಗ ಕಾಣುತ್ತದೆಯೇ?" ಎಂದರು.
ನಾನು ಎದ್ದು ನಿಂತೆ. ಮಂಡಿ ಚಳುಕಿತು.
ಕಾಣುತ್ತದೆ ಅನ್ನಲಿಲ್ಲ.
ಆ ವರ್ಷ ವ್ಯಾಕರಣಕ್ಕೆ ಐದಕ್ಕೆ ನಾಲ್ಕು ಕೊಟ್ಟರು.

ಈಗ ಅವರದು ನಾಲ್ಕನೆಯ ಮಹಡಿ, ಲಿಫ್ಟು ಕೆಟ್ಟಿದೆ.
ಪ್ರತಿ ಆಗಸ್ಟಿನಲ್ಲಿ ಚಿಕ್ಕಪ್ಪ ಒಂದು ದಿನ
ಮುಂಗೈಲಿ ಸ್ಪ್ಯಾನರು ಹಿಡಿದು ಹತ್ತಿ ಹೋಗುತ್ತಾನೆ.
ನಲ್ಲಿ ಸೋರುತ್ತಿರಲಿ, ಬಿಡಲಿ, ಬಿಚ್ಚಿ ಜೋಡಿಸುತ್ತಾನೆ.
ಆಕೆ ಚಹಾ ಇಡುತ್ತಾರೆ, ಏಪ್ರಿಕಾಟ್ ಜಾಮ್ ಇಡುತ್ತಾರೆ.
ಕೇಳುವುದಿಲ್ಲ ಆಕೆ. ಹೇಳುವುದಿಲ್ಲ ಅವನು.
ಕಳೆದ ಸಲ ಅವನ ಮಂಡಿಗೆ ಆಗದೆಂದು ನಾನೂ ಜೊತೆಗೆ ಹೋಗಿದ್ದೆ.
ಕೋಟು ತೆಗೆಯುವಾಗ ಗೊಂಚಲು ಗಲಗಲ ಅಂದಿತು.
"ಏನದು ಸೊಂಟದಲ್ಲಿ?" ಎಂದರು ರುಫೀನಾ, ಕಣ್ಣು ಮಂಜು ಅವರಿಗೆ.
ಹೆಸರು ಹೇಳಿದೆ.
"ಯಾವ ಅರ್ಥದಲ್ಲಿ?"
ಚಿಕ್ಕಪ್ಪ ಸಿಂಕಿನ ಕೆಳಗಿನಿಂದ ತಲೆ ಎತ್ತಲಿಲ್ಲ.
"ಬೀಗದ ಕೈ, ಟೀಚರ್," ಎಂದೆ, "ಬರೀ ಬೀಗದ ಕೈ."